ಜಠರಪಟ್ಟಿ ಧರಿಸಿದವರು ತೊಟ್ಟಿಲು ಏರಬಹುದೇ?

ದೀಪಾವಳಿ ಕಳೆಯಿತೆಂದರೆ ತುಳುನಾಡಿನಲ್ಲಿ ಜಾತ್ರೆಗಳ ಕಾಲ ಆರಂಭವಾಗುತ್ತದೆ. ಅಂದಿನಿಂದ ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಯವರೆಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಒಂದಲ್ಲ ಒಂದು ಊರಿನಲ್ಲಿ ತೇರು, ಉತ್ಸವ, ನೇಮಗಳು ನಡೆಯುತ್ತಲೇ ಇರುತ್ತವೆ. ಕೊಯ್ಲು ಮುಗಿದ ಗದ್ದೆಯಲ್ಲಿ ಬಣ್ಣದ ದೀಪಗಳ ದೊಡ್ಡ ತೊಟ್ಟಿಲು ಎದ್ದು ನಿಲ್ಲುತ್ತದೆ. ಅದರ ಪಕ್ಕದಲ್ಲಿ ದೋಣಿಯಂತೆ ತೂಗುವ ಕೊಲಂಬಸ್, ಗರಗರನೆ ತಿರುಗುವ ಬ್ರೇಕ್ ಡ್ಯಾನ್ಸ್, ಟೊರಾಟೊರಾ, ಮಕ್ಕಳ ಡ್ರ್ಯಾಗನ್ ರೈಲು. ಕಾರ್ತಿಕದಲ್ಲಿ ಧರ್ಮಸ್ಥಳದ ಲಕ್ಷದೀಪೋತ್ಸವಕ್ಕೆಂದು ಬಯಲುಸೀಮೆಯಿಂದ ಘಟ್ಟ ಇಳಿದು ಬರುವ ಕುಟುಂಬಗಳಲ್ಲಿ ಈ ಪತ್ರಿಕೆಯ ಓದುಗರೂ ಅನೇಕರಿರುತ್ತಾರೆ. ಅವರ ಪ್ರಯಾಣದಲ್ಲಿ ದೇವರ ದರ್ಶನದ ಜೊತೆಗೆ ಮಕ್ಕಳ ಹಟಕ್ಕಾಗಿ ಒಂದು ಸುತ್ತು ತೊಟ್ಟಿಲೂ ಸೇರಿರುತ್ತದೆ.

ಅತಿಯಾದ ದೇಹತೂಕವುಳ್ಳವರು ಇಂತಹ ಸ್ಥಳಗಳಲ್ಲಿ ಸಾಮಾನ್ಯವಾಗಿ ಕೆಳಗೆ ನಿಂತು ಉಳಿದವರ ಚಪ್ಪಲಿ, ಚೀಲಗಳನ್ನು ಕಾಯುವವರು. ಪೆಟ್ಟಿಗೆಯ ಅಡ್ಡಸರಳು ಹೊಟ್ಟೆಯ ಮೇಲೆ ಮುಚ್ಚುವುದಿಲ್ಲ. ಮುಚ್ಚದಿದ್ದಾಗ ನಾಲ್ಕು ಜನರ ಎದುರಿಗೆ ಇಳಿಯಬೇಕಾದ ಅವಮಾನವನ್ನು ಒಮ್ಮೆ ಉಂಡವರು ಮತ್ತೆ ಸಾಲಿನಲ್ಲಿ ನಿಲ್ಲುವುದಿಲ್ಲ. ಅಂತಹವರು ಶಸ್ತ್ರಚಿಕಿತ್ಸೆಯಿಂದ ಮೂವತ್ತು ನಲವತ್ತು ಕಿಲೋ ತೂಕ ಇಳಿಸಿಕೊಂಡ ಮೇಲೆ ಮಕ್ಕಳೊಡನೆ ತೊಟ್ಟಿಲು ಏರಬೇಕೆಂದು ಬಯಸುವುದು ಅತ್ಯಂತ ಸಹಜ. ಇದನ್ನು ಚಪಲವೆಂದು ತಳ್ಳಿಹಾಕುವುದು ಸರಿಯಲ್ಲ. ವೈದ್ಯರು ಗದರಿಯಾರೆಂಬ ಸಂಕೋಚದಿಂದ ಬಹಳ ಮಂದಿ ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಕೇಳದೆ ಏರುತ್ತಾರೆ, ಇಲ್ಲವೇ ಕೇಳದೆ ಬಿಟ್ಟುಬಿಡುತ್ತಾರೆ. ತೂಕ ಇಳಿಸುವ ಶಸ್ತ್ರಚಿಕಿತ್ಸೆಗಳಲ್ಲಿ ಹೊಟ್ಟೆಯೊಳಗೆ ಒಂದು ಸಾಧನವನ್ನು ಶಾಶ್ವತವಾಗಿ ಉಳಿಸುವ ಬಗೆಯೊಂದಿದೆ. ಅದನ್ನು ಮಾಡಿಸಿಕೊಂಡವರಿಗಾಗಿ ಈ ಲೇಖನ.

ಉತ್ತರವನ್ನು ಮೊದಲೇ ಹೇಳಬಹುದು. ಗಾಯ ಪೂರ್ಣವಾಗಿ ಮಾಗಿದ್ದು, ಪಟ್ಟಿ ಸರಿಯಾದ ಬಿಗುವಿನಲ್ಲಿದ್ದು, ಬೇರೆ ಕಾಯಿಲೆಗಳು ಹತೋಟಿಯಲ್ಲಿದ್ದರೆ ಹೆಚ್ಚಿನವರು ತೊಟ್ಟಿಲು ಏರಬಹುದು. ಆದರೆ ಅವರು ಅಂಜಬೇಕಾದುದು ಎತ್ತರಕ್ಕಲ್ಲ, ವೇಗಕ್ಕೂ ಅಲ್ಲ, ವಾಂತಿಗೆ. ಉಳಿದ ಎಚ್ಚರಿಕೆಗಳಲ್ಲಿ ಬಹುಪಾಲು ಈ ಒಂದು ಮಾತಿನಿಂದಲೇ ಹುಟ್ಟುತ್ತವೆ.

ಪಟ್ಟಿ ಎಂದರೇನು?

ವೈದ್ಯರು ಗ್ಯಾಸ್ಟ್ರಿಕ್ ಬ್ಯಾಂಡ್ ಎಂದು ಕರೆಯುವ ಈ ಸಾಧನವು ಸಿಲಿಕೋನ್‌ನಿಂದ ಮಾಡಿದ ಉಂಗುರಾಕಾರದ ಪಟ್ಟಿ. ಅನ್ನನಾಳವು ಜಠರವನ್ನು ಸೇರುವ ಸ್ಥಳಕ್ಕೆ ತುಸು ಕೆಳಗೆ, ಜಠರದ ಮೇಲ್ಭಾಗವನ್ನು ಸುತ್ತುವರಿಯುವಂತೆ ಅದನ್ನು ತೊಡಿಸುತ್ತಾರೆ. ಆಗ ಪಟ್ಟಿಯ ಮೇಲೆ ಒಂದೆರಡು ದೊಡ್ಡ ಚಮಚ ಆಹಾರ ಹಿಡಿಯುವಷ್ಟು ಪುಟ್ಟ ಚೀಲವೊಂದು ಉಳಿಯುತ್ತದೆ. ಅದು ಬೇಗ ತುಂಬುತ್ತದೆ, ನಿಧಾನವಾಗಿ ಕೆಳಕ್ಕೆ ಬಿಡುತ್ತದೆ. ಆದುದರಿಂದ ಸ್ವಲ್ಪ ಉಂಡರೂ ತೃಪ್ತಿಯಾಗುತ್ತದೆ. ಪಟ್ಟಿಯ ಒಳಮೈಯಲ್ಲಿ ಬಲೂನಿನಂತಹ ಪೊಳ್ಳು ಇರುತ್ತದೆ. ಅದರಿಂದ ಹೊರಟ ತೆಳುವಾದ ಕೊಳವೆ ಹೊಟ್ಟೆಯ ಮುಂಗೋಡೆಗೆ ಬಂದು, ಚರ್ಮದಡಿಯಲ್ಲಿ ಹೊಲಿದಿಟ್ಟ ಪೋರ್ಟ್ ಎಂಬ ಚಿಕ್ಕ ಬಿಲ್ಲೆಯನ್ನು ಸೇರುತ್ತದೆ. ಆ ಬಿಲ್ಲೆಗೆ ಸೂಜಿ ಚುಚ್ಚಿ ಉಪ್ಪುನೀರಿನ ದ್ರಾವಣವನ್ನು ತುಂಬಿದರೆ ಪಟ್ಟಿ ಬಿಗಿಯಾಗುತ್ತದೆ, ತೆಗೆದರೆ ಸಡಿಲವಾಗುತ್ತದೆ. ಕೆಲವು ಪಟ್ಟಿಗಳು 4 ಮಿಲಿಲೀಟರ್ ಮಾತ್ರ ಹಿಡಿಯುತ್ತವೆ, ಇನ್ನು ಕೆಲವು 10 ಅಥವಾ 14 ಮಿಲಿಲೀಟರ್. ಈ ಲೆಕ್ಕ ಮುಂದೆ ಉಪಯೋಗಕ್ಕೆ ಬರುವುದರಿಂದ ನೆನಪಿನಲ್ಲಿಡತಕ್ಕದ್ದು.

ಬಿಗುವನ್ನು ಹೆಚ್ಚು ಕಡಿಮೆ ಮಾಡಬಹುದಾದ ಪಟ್ಟಿಯನ್ನು ಅಮೆರಿಕದಲ್ಲಿದ್ದ ಲುಬೊಮಿರ್ ಕುಜ್ಮಾಕ್ ಎಂಬ ಶಸ್ತ್ರವೈದ್ಯರು 1986ರಲ್ಲಿ ಬಳಕೆಗೆ ತಂದರು. ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯದೆ, ಸಣ್ಣ ರಂಧ್ರಗಳ ಮೂಲಕ ಅದನ್ನು ತೊಡಿಸಿದವರು ಇಥಿಯೋಪಿಯಾ ಮೂಲದ ಮಿಟಿಕು ಬೆಲಾಚೆವ್; 1993ರಲ್ಲಿ, ಬೆಲ್ಜಿಯಂ ದೇಶದಲ್ಲಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2001ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಜಗತ್ತಿನಾದ್ಯಂತ ಇದು ಹಬ್ಬಿತು. ಈಗ ಇದರ ಪ್ರಚಾರ ತಗ್ಗಿದೆ. ಜಠರದ ಬಹುಭಾಗವನ್ನು ಕತ್ತರಿಸಿ ತೆಗೆಯುವ ಸ್ಲೀವ್, ಕರುಳಿನ ದಾರಿಯನ್ನೇ ಬದಲಿಸುವ ಬೈಪಾಸ್ ಹೆಚ್ಚು ನಡೆಯುತ್ತಿವೆ. ಹಾಗೆಂದು ಪಟ್ಟಿ ಧರಿಸಿದವರು ಇಲ್ಲವಾಗಿಲ್ಲ. ಹತ್ತು ಹದಿನೈದು ವರ್ಷಗಳ ಹಿಂದೆ ತೊಡಿಸಿಕೊಂಡವರು ಇಂದಿಗೂ ಅದರೊಡನೆಯೇ ಬಾಳುತ್ತಿದ್ದಾರೆ. ಕರಾವಳಿಯ ಈ ಮೂರು ತಾಲ್ಲೂಕುಗಳಿಂದ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರಂತೂ ಅಲ್ಲಿಯೇ ಚಿಕಿತ್ಸೆ ಪಡೆದು ರಜೆಯಲ್ಲಿ ಊರಿಗೆ ಬಂದಾಗ, ಅವರ ಹೊಟ್ಟೆಯಲ್ಲಿ ಏನಿದೆಯೆಂಬುದು ಊರಿನ ವೈದ್ಯರಿಗೂ ತಿಳಿದಿರುವುದಿಲ್ಲ.

ಎತ್ತರವೂ ವೇಗವೂ ಪಟ್ಟಿಯನ್ನು ಕದಲಿಸುತ್ತವೆಯೇ?

ತೊಟ್ಟಿಲು ಕೆಳಗಿಳಿಯುವಾಗ ಹೊಟ್ಟೆಯಲ್ಲಿ ಏನೋ ಜಾರಿದಂತಾಗುವ ಅನುಭವ ಎಲ್ಲರಿಗೂ ಉಂಟು. ಪಂಚಮಿಯ ಜೋಕಾಲಿಯನ್ನು ಮುಗಿಲಿಗೆ ಜೀಕಿದ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಟ್ಟಿ ಧರಿಸಿದವರಿಗೆ ಆಗ ಪಟ್ಟಿಯೇ ಜಾರಿತೆಂಬ ಭಯ ಹುಟ್ಟುವುದು ಸ್ವಾಭಾವಿಕ. ವಾಸ್ತವದಲ್ಲಿ ಆ ಕ್ಷಣ ದೇಹದ ಎಲ್ಲ ಅಂಗಗಳೂ ಒಟ್ಟಿಗೆ ಕೆಳಗಿಳಿಯುತ್ತಿರುತ್ತವೆ. ಆಸನದ ಆಸರೆ ಕ್ಷಣಮಾತ್ರ ತಪ್ಪಿದುದರಿಂದ ಒಳಗಿನ ಅಂಗಗಳ ಭಾರ ಹಗುರವಾದಂತೆ ತೋರುತ್ತದೆ, ಅಷ್ಟೆ. ಪಟ್ಟಿಯು ಜಠರವನ್ನು ಸುತ್ತಿಕೊಂಡಿರುತ್ತದೆ. ಜಠರದ ಗೋಡೆಯನ್ನೇ ಮಡಚಿ ಅದರ ಮೇಲೆ ಹೊಲಿದಿರುತ್ತಾರೆ. ಕೆಲವು ವಾರಗಳಲ್ಲಿ ಅದರ ಸುತ್ತ ಗಾಯದ ಅಂಗಾಂಶ ಬೆಳೆದು ಹಿಡಿದಿಡುತ್ತದೆ. ಒಳಗಿನ ದ್ರಾವಣ ನೀರಿನಂತಹುದಾದುದರಿಂದ ತೊಟ್ಟಿಲಿನ ಎತ್ತರಕ್ಕೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ.

ದೊಡ್ಡ ಉದ್ಯಾನಗಳ ರೋಲರ್ ಕೋಸ್ಟರ್‌ಗಳಲ್ಲಿ ದೇಹದ ಭಾರ ಕೆಲವು ಸೆಕೆಂಡುಗಳ ಕಾಲ ಮೂರು ನಾಲ್ಕು ಪಟ್ಟು ಹೆಚ್ಚಿದಂತಾಗುತ್ತದೆ. ಮೂಡುಬಿದಿರೆಯ ಕಾಲೇಜುಗಳಿಂದ ಪ್ರವಾಸ ಹೋಗುವ ವಿದ್ಯಾರ್ಥಿಗಳು ಬಿಡದಿ ಬಳಿಯ ವಂಡರ್‌ಲಾದಲ್ಲಿ ಅನುಭವಿಸುವುದು ಇದನ್ನೇ. ಕುತ್ತಿಗೆ, ಬೆನ್ನುಮೂಳೆ ದುರ್ಬಲವಾಗಿರುವವರಿಗೆ ಇದು ತೊಂದರೆಯೇ ಸರಿ. ಜಠರಪಟ್ಟಿಯ ಮಟ್ಟಿಗೆ ಮಾತ್ರ ಅಂತಹ ಕ್ಷಣಿಕ ಭಾರಕ್ಕಿಂತ ಒಂದು ಜೋರು ವಾಂತಿ ಹೆಚ್ಚು ಅಪಾಯಕರ. ವಾಂತಿಯಾಗುವಾಗ ಹೊಟ್ಟೆಯ ಸ್ನಾಯುಗಳೂ ವಪೆಯೂ ಏಕಕಾಲಕ್ಕೆ ಬಿಗಿದು ಜಠರವನ್ನು ಕೆಳಗಿನಿಂದ ಮೇಲಕ್ಕೆ ಹಿಂಡುತ್ತವೆ. ಪಟ್ಟಿಯಿಲ್ಲದವರಲ್ಲಿ ಒಳಗಿದ್ದುದು ಹೊರಬಂದು ಒತ್ತಡ ಇಳಿಯುತ್ತದೆ. ಪಟ್ಟಿಯುಳ್ಳವರಲ್ಲಿ ದಾರಿ ಕಿರಿದು. ಒತ್ತಡ ಪೂರ್ತಿ ಹೊರಹೋಗದೆ, ಪಟ್ಟಿಯ ಕೆಳಗಿನ ಜಠರದ ಗೋಡೆಯೇ ಉಂಗುರದೊಳಗಿಂದ ಮೇಲಕ್ಕೆ ನುಸುಳಬಹುದು. ಪಟ್ಟಿ ಜಾರುವುದು ಎಂದು ವೈದ್ಯರು ಹೇಳುವುದು ಇದಕ್ಕೆ. ಜಾರಿದ ಮೇಲೆ ಮೇಲಿನ ಚೀಲ ಹಿಗ್ಗುತ್ತದೆ, ಕೆಳಗಿನ ದಾರಿ ಮುಚ್ಚಿಕೊಳ್ಳುತ್ತದೆ. ಅದರಿಂದ ಇನ್ನಷ್ಟು ವಾಂತಿ, ಇನ್ನಷ್ಟು ಜಾರುವಿಕೆ. ಅಪರೂಪಕ್ಕೆ ನುಸುಳಿದ ಭಾಗಕ್ಕೆ ರಕ್ತಸಂಚಾರ ನಿಂತು ಜೀವಕ್ಕೇ ಆಪತ್ತು ಒದಗುವುದುಂಟು.

ಒಂದು ಸಲ ವಾಂತಿಯಾದ ಮಾತ್ರಕ್ಕೆ ಇದೆಲ್ಲ ಆಗಿಬಿಡುತ್ತದೆಂದು ತಿಳಿಯಬಾರದು. ತುತ್ತು ಸಿಕ್ಕಿಕೊಂಡು, ನೊರೆಯಂತಹ ಜೊಲ್ಲಿನೊಡನೆ ಒತ್ತಡವಿಲ್ಲದೆ ಹಿಂದಿರುಗುವುದು ಪಟ್ಟಿಯುಳ್ಳ ಅನೇಕರಿಗೆ ಪರಿಚಿತವಾದ ಸಂಗತಿ. ಅದು ನಿಜವಾದ ವಾಂತಿಯಲ್ಲ. ಹೊಟ್ಟೆ ಹಿಂಡಿ ಹಿಂಡಿ ಮತ್ತೆ ಮತ್ತೆ ಬರುವ ಓಕರಿಕೆಯೇ ಶತ್ರು. ಅದನ್ನು ತರುವುದರಲ್ಲಿ ತಿರುಗುವ ಆಟಗಳಿಗೆ ಎಣೆಯಿಲ್ಲ.

ಕಿವಿಯೊಂದು ಹೇಳಿದರೆ ಕಣ್ಣೊಂದು ಹೇಳುತ್ತದೆ

ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ಯಾವ ಕಡೆಗೆ ತಿರುಗಿತೆಂಬುದನ್ನು ಅವು ಮಿದುಳಿಗೆ ತಿಳಿಸುತ್ತವೆ. ಕಣ್ಣು ಬೇರೆಯೇ ವರದಿ ಕೊಟ್ಟರೆ ಮಿದುಳು ಗೊಂದಲಕ್ಕೆ ಬೀಳುತ್ತದೆ. ಬಸ್ಸಿನಲ್ಲಿ ಕುಳಿತು ಮೊಬೈಲ್ ನೋಡುವಾಗ ಕಣ್ಣಿಗೆ ಜಗತ್ತು ನಿಂತಿದೆ, ಕಿವಿಗೆ ಓಡುತ್ತಿದೆ. ಈ ಗೊಂದಲದ ಫಲವೇ ತಲೆಸುತ್ತು, ಬೆವರು, ಬಾಯಲ್ಲಿ ನೀರೂರುವುದು, ಕೊನೆಗೆ ವಾಂತಿ. ಈ ಲೆಕ್ಕದಲ್ಲಿ ನೋಡಿದರೆ ದೊಡ್ಡ ತೊಟ್ಟಿಲು ತನ್ನ ಎತ್ತರಕ್ಕೆ ತಕ್ಕಷ್ಟು ಕೆಟ್ಟದ್ದಲ್ಲ. ಅದು ನಿಧಾನವಾಗಿ, ಒಂದೇ ದಿಕ್ಕಿನಲ್ಲಿ ತಿರುಗುತ್ತದೆ. ದೂರದ ದೀಪಗಳ ಮೇಲೆ, ದಿಗಂತದ ಮೇಲೆ ದೃಷ್ಟಿ ನೆಡಲು ಅವಕಾಶವಿದೆ. ಕೊಲಂಬಸ್ ಹಿಂದು ಮುಂದಾಗಿ ತೂಗುವುದರಿಂದ ಹೆಚ್ಚು ಕಾಡುತ್ತದೆ; ಅದರ ತುದಿಯ ಆಸನಗಳಿಗಿಂತ ನಡುವಿನವು ಮೇಲು. ಬುಡವೂ ತಿರುಗಿ ಪೆಟ್ಟಿಗೆಯೂ ತಿರುಗುವ ಬ್ರೇಕ್ ಡ್ಯಾನ್ಸ್, ಟೊರಾಟೊರಾದಂತಹವು ಎಲ್ಲಕ್ಕಿಂತ ಕೆಟ್ಟವು. ನೋಡಲು ಅಷ್ಟೇನೂ ಭಯಂಕರವಲ್ಲದ ಈ ತಗ್ಗಿನ ಆಟಗಳನ್ನೇ ಪಟ್ಟಿಯುಳ್ಳವರು ಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮೊದಲಿನಿಂದಲೂ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವ ಸ್ವಭಾವದವರು ಎರಡು ಬಾರಿ ಯೋಚಿಸುವುದೂ ಬೇಡ.

ಬಸ್ಸಿನ ಮಾತು ಬಂದುದರಿಂದ ಇದನ್ನೂ ಹೇಳಿಬಿಡಬೇಕು. ಜಾತ್ರೆಯ ಆಟ ಬೇಡವೆಂದರೆ ಬಿಡಬಹುದು. ಕೊಟ್ಟಿಗೆಹಾರದಿಂದ ಬೆಳ್ತಂಗಡಿಗೆ ಇಳಿಯುವ ಚಾರ್ಮಾಡಿ ಘಾಟಿಯನ್ನು ಬಿಡಲಾಗುವುದಿಲ್ಲ. ಮೂಡಿಗೆರೆ ಕಡೆಯಿಂದ ಧರ್ಮಸ್ಥಳಕ್ಕೆ ಬರುವವರಿಗೆ ಅದೇ ದಾರಿ. ಆ ಕಡಿದಾದ ತಿರುವುಗಳಲ್ಲಿ ಬಸ್ಸಿನ ಹಿಂಬದಿಯಲ್ಲಿ ಕುಳಿತವರು ಅನುಭವಿಸುವುದು ಬ್ರೇಕ್ ಡ್ಯಾನ್ಸಿಗಿಂತ ಕಡಿಮೆಯೇನಲ್ಲ. ಆಟ ಮೂರು ನಿಮಿಷದಲ್ಲಿ ಮುಗಿಯುತ್ತದೆ, ಘಾಟಿ ಮುಗಿಯುವುದಿಲ್ಲ. ಪಟ್ಟಿ ಧರಿಸಿದವರು ಮುಂದಿನ ಆಸನವನ್ನು ಕೇಳಿ ಪಡೆಯಬೇಕು. ಕಿಟಕಿ ತೆರೆದಿಟ್ಟು, ಮೊಬೈಲನ್ನು ಒಳಗಿಟ್ಟು, ಎದುರಿನ ರಸ್ತೆಯನ್ನೇ ನೋಡಬೇಕು. ಸ್ವಂತ ವಾಹನವಿದ್ದರೆ ಘಾಟಿಗೆ ಮುನ್ನ ಒಮ್ಮೆ, ನಡುವೆ ಒಮ್ಮೆ ನಿಲ್ಲಿಸಬೇಕು. ಡೈಮೆನ್‌ಹೈಡ್ರಿನೇಟ್, ಪ್ರೊಮೆಥಜಿನ್ ಮುಂತಾದ ಪ್ರಯಾಣದ ಮಾತ್ರೆಗಳು ವಾಂತಿ ಆರಂಭವಾದ ಮೇಲೆ ನುಂಗಿದರೆ ಹೆಚ್ಚು ಫಲಕೊಡುವುದಿಲ್ಲ. ಹೊರಡುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಅವು ತೂಕಡಿಕೆ ತರುವುದರಿಂದ ವಾಹನ ನಡೆಸುವವರಿಗೆ ಸಲ್ಲವು. ಕಣ್ಣಿನ ಒತ್ತಡದ ರೋಗವಾದ ಗ್ಲಾಕೋಮಾ ಇರುವವರೂ ಮೂತ್ರ ಕಟ್ಟುವ ತೊಂದರೆಯುಳ್ಳ ವೃದ್ಧರೂ ವೈದ್ಯರನ್ನು ಕೇಳದೆ ಮುಟ್ಟಬಾರದು. ಮಾತ್ರೆ ದೊಡ್ಡದಿದ್ದರೆ ಪಟ್ಟಿಯ ಬಳಿ ಸಿಕ್ಕಿಕೊಳ್ಳಬಹುದು. ಪುಡಿಮಾಡಬಹುದೇ, ಪಾನಕದ ರೂಪದಲ್ಲಿ ದೊರೆಯುವುದೇ ಎಂಬುದನ್ನು ಔಷಧದಂಗಡಿಯಲ್ಲಿ ವಿಚಾರಿಸತಕ್ಕದ್ದು.

ಏರುವ ಮುನ್ನ ಏನು ಉಣ್ಣಬೇಕು?

ತುಂಬಿದ ಚೀಲದೊಡನೆ ತೊಟ್ಟಿಲು ಏರಬಾರದು. ಪುಟ್ಟ ಚೀಲವಾದರೂ ಅದು ಖಾಲಿಯಾಗಲು ಸಮಯ ಬೇಕು. ಗಟ್ಟಿ ಆಹಾರ ಉಂಡು ಎರಡು ಮೂರು ಗಂಟೆಗಳಾದರೂ ಕಳೆದಿರಬೇಕು. ಹಾಗೆಂದು ಬೆಳಗಿನಿಂದ ಉಪವಾಸವಿದ್ದು ಏರುವುದೂ ತಪ್ಪು. ಬರಿಹೊಟ್ಟೆ ತಲೆಸುತ್ತನ್ನು ಹೆಚ್ಚಿಸುತ್ತದೆ. ತೆಳುವಾದ ಗಂಜಿ, ಮಜ್ಜಿಗೆ, ಮೆತ್ತಗಿನ ಇಡ್ಲಿಯ ಅರ್ಧಭಾಗ ಮೊದಲೇ ಸೇವಿಸಿದ್ದರೆ ಸಾಕು.

ಜಾತ್ರೆಯ ಗದ್ದೆಯ ಆಹಾರವೇ ಬೇರೆ. ಚರುಮುರಿ, ಗೋಬಿ ಮಂಚೂರಿ, ಕಡಲೆ, ಐಸ್‌ಕ್ರೀಂ, ಗೋಲಿಸೋಡಾ. ಇವುಗಳಲ್ಲಿ ಸೋಡಾ ಪಟ್ಟಿಯುಳ್ಳವರಿಗೆ ಎಂದೂ ಒಳ್ಳೆಯದಲ್ಲ. ಅನಿಲವು ಮೇಲಿನ ಚೀಲವನ್ನು ಉಬ್ಬಿಸಿ ನೋವು ತರುತ್ತದೆ. ಗೋಬಿ ಮಂಚೂರಿಯ ಜಿಗುಟು ಹಿಟ್ಟು, ಕಡಲೆಯ ಸಿಪ್ಪೆ ಸಿಕ್ಕಿಕೊಳ್ಳುತ್ತವೆ. ಐಸ್‌ಕ್ರೀಂ ಸಿಕ್ಕಿಕೊಳ್ಳುವುದಿಲ್ಲ, ಸಲೀಸಾಗಿ ಇಳಿಯುತ್ತದೆ. ಅಪಾಯವಿರುವುದು ಅದರಲ್ಲಿಯೇ, ಪಟ್ಟಿ ಧರಿಸಿಯೂ ಕೆಲವರ ತೂಕ ಇಳಿಯದಿರುವುದಕ್ಕೆ ಕರಗುವ ಸಿಹಿಯೇ ಕಾರಣ. ಊರಿನಿಂದ ಕಟ್ಟಿಕೊಂಡು ಬರುವ ಬುತ್ತಿಯ ವಿಷಯದಲ್ಲೂ ಎಚ್ಚರ ಬೇಕು. ಶೇಂಗಾದ ಉಂಡಿ, ತಂಬಿಟ್ಟಿನಂತಹ ಒಣ ತಿನಿಸುಗಳು ನೀರಿಲ್ಲದೆ ಇಳಿಯವು. ಪಟ್ಟಿಯುಳ್ಳವರು ಊಟದೊಡನೆ ನೀರು ಕುಡಿಯುವಂತಿಲ್ಲ. ಖಡಕ್ ರೊಟ್ಟಿಯನ್ನು ಬಾಯಲ್ಲೇ ಹಿಟ್ಟಾಗುವವರೆಗೆ ಅಗಿಯಬೇಕು.

ದಾಸೋಹದ ಪಂಕ್ತಿಯಲ್ಲಾಗಲಿ ಧರ್ಮಸ್ಥಳದ ಅನ್ನಪೂರ್ಣ ಛತ್ರದಲ್ಲಾಗಲಿ ಊಟ ಬೇಗ ಬೇಗನೆ ಸಾಗುತ್ತದೆ. ಬಡಿಸಿದ್ದನ್ನು ಬಿಡಬಾರದೆಂಬ ಶ್ರದ್ಧೆ ನಮ್ಮವರಲ್ಲಿ ಬಲವಾಗಿರುವುದರಿಂದ, ಪಟ್ಟಿಯುಳ್ಳವರು ಮುಜುಗರಕ್ಕೆ ಸಿಲುಕಿ ಮಿತಿಮೀರಿ ಉಂಡು, ಆಮೇಲೆ ಹಿತ್ತಲಿಗೆ ಓಡುತ್ತಾರೆ. ಬಡಿಸುವ ಮೊದಲೇ ಕೈ ಅಡ್ಡ ಹಿಡಿದು ಒಂದು ಹಿಡಿಯಷ್ಟನ್ನೇ ಬಡಿಸಿಕೊಂಡರೆ ಪ್ರಸಾದವೂ ಕೆಡದು, ಹೊಟ್ಟೆಯೂ ಕೆಡದು. ಊಟ ಮುಗಿಯುತ್ತಲೇ ಮಕ್ಕಳು ಕೈಹಿಡಿದು ತೊಟ್ಟಿಲಿನತ್ತ ಎಳೆದರೆ, ಅವರ ಅಜ್ಜನನ್ನೋ ಸೋದರಮಾವನನ್ನೋ ಜೊತೆಗೆ ಕಳಿಸಿ ತಾವು ಒಂದಿಷ್ಟು ಹೊತ್ತು ನಡೆದಾಡುವುದು ಲೇಸು.

ನೀರಿನ ವಿಷಯ ಇನ್ನೂ ಮುಖ್ಯ. ಕರಾವಳಿಯ ಸೆಕೆ ಬಯಲುಸೀಮೆಯವರಿಗೆ ಹೊಸದು. ಬೆವರು ಹರಿದುಹೋಗುವುದು ಅರಿವಿಗೇ ಬರುವುದಿಲ್ಲ. ಉಳಿದವರು ಬಾಯಾರಿದಾಗ ಒಂದು ಚೊಂಬು ನೀರನ್ನು ಗಟಗಟನೆ ಕುಡಿದಾರು. ಪಟ್ಟಿಯುಳ್ಳವರಿಗೆ ಅದು ಸಾಧ್ಯವಿಲ್ಲ. ಅವರು ಬೆಳಗಿನಿಂದಲೇ ಗುಟುಕು ಗುಟುಕಾಗಿ ಕುಡಿಯುತ್ತ ಬರಬೇಕು. ಬೊಂಡದ ನೀರು, ಸಕ್ಕರೆ ಕಡಿಮೆಯಿರುವ ಪುನರ್ಪುಳಿ ಶರಬತ್ತು ಇಲ್ಲಿ ಎಲ್ಲೆಡೆ ದೊರೆಯುತ್ತವೆ. ಬೊಂಡದ ಗಂಜಿ ಎಳೆಯದಾಗಿದ್ದರೂ ನಾರಿನಂತೆ ಸಿಕ್ಕಬಹುದು. ನೀರಿಗೇ ನಿಲ್ಲಿಸುವುದು ಒಳಿತು.

ಅಡ್ಡಸರಳು ಮತ್ತು ಪೋರ್ಟ್

ಪೋರ್ಟ್ ಬಿಲ್ಲೆಯು ಸಾಮಾನ್ಯವಾಗಿ ಹೊಟ್ಟೆಯ ಮೇಲ್ಭಾಗದಲ್ಲಿ, ಎಡಕ್ಕೋ ಎದೆಗೂಡಿನ ಕೆಳಗೋ ಇರುತ್ತದೆ. ತೂಕ ಇಳಿದು ಕೊಬ್ಬಿನ ಪದರ ತೆಳುವಾದಂತೆ ಅದು ಕೈಗೆ ಗಟ್ಟಿಯಾಗಿ ತಗುಲತೊಡಗುತ್ತದೆ. ಜಾತ್ರೆಯ ಆಟಗಳಲ್ಲಿ ಅನೇಕವಕ್ಕೆ ಒಂದೇ ಕಬ್ಬಿಣದ ಅಡ್ಡಸರಳಿರುತ್ತದೆ. ದೊಡ್ಡವರಿಗೂ ಚಿಕ್ಕವರಿಗೂ ಅದೊಂದೇ ಅಳತೆ. ಬೆನ್ನನ್ನು ಆಸನಕ್ಕೆ ಆನಿಸಿ ನೆಟ್ಟಗೆ ಕುಳಿತಾಗ ಸರಳು ತೊಡೆಯ ಮೇಲೆ ಬಂದರೆ ಸರಿ. ಹೊಟ್ಟೆಯ ಮೇಲ್ಭಾಗಕ್ಕೆ, ಬಿಲ್ಲೆಯ ನೇರಕ್ಕೆ ಬಂದರೆ ಆ ಆಟ ಬೇಡ. ಮೆತ್ತಗಿರಲೆಂದು ನಡುವೆ ಟವೆಲು ತುರುಕುವುದು ಇನ್ನೂ ಅಪಾಯ. ಸರಳಿನ ಬೀಗ ಪೂರ್ತಿ ಕೂರದೆ ಹೋಗಬಹುದು. ಕೊರಳಲ್ಲಿ ಇಷ್ಟಲಿಂಗದ ಕರಡಿಗೆ ಧರಿಸುವವರು ಅದನ್ನು ಅಂಗಿಯ ಒಳಗೆ, ಭುಜದ ಮೇಲಿನಿಂದ ಬರುವ ಕಟ್ಟಿಗೆ ಸಿಲುಕದಂತೆ ಭದ್ರಪಡಿಸಿಕೊಳ್ಳಬೇಕು. ಬಹಳ ತೂಕ ಇಳಿಸಿದವರಲ್ಲಿ ಚರ್ಮ ಸಡಿಲವಾಗಿ ಮಡಿಕೆ ಬಿದ್ದಿರುತ್ತದೆ. ಅದು ಸರಳಿನಡಿ ಸಿಕ್ಕಿ ತರಚುವುದುಂಟು. ಬಿಗಿಯಾದ ಹತ್ತಿಯ ಒಳಉಡುಪು ಇದಕ್ಕೆ ಸಾಕು.

ಡ್ಯಾಶಿಂಗ್ ಕಾರನ್ನು ಜನ ನಿರಪಾಯವೆಂದು ತಿಳಿಯುತ್ತಾರೆ. ಎದುರಿನಿಂದ ಗುದ್ದಿಸಿಕೊಂಡಾಗ ಸ್ಟೀರಿಂಗ್ ಚಕ್ರ ನೇರವಾಗಿ ಬಡಿಯುವುದು ಹೊಟ್ಟೆಯ ಮೇಲ್ಭಾಗಕ್ಕೇ. ಬಿಲ್ಲೆಯುಳ್ಳವರಿಗೆ ಇದು ಎತ್ತರದ ತೊಟ್ಟಿಲಿಗಿಂತ ಕೆಟ್ಟದ್ದು. ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವ ದಾರಿಯ ಪಿಲಿಕುಳದಲ್ಲಿರುವ ಮಾನಸದಂತಹ ಜಲಕ್ರೀಡೆಯ ಉದ್ಯಾನಗಳಲ್ಲೂ ಇದೇ ವಿವೇಚನೆ ಬೇಕು: ಕುಳಿತು ಜಾರುವ ಜಾರುಬಂಡೆಗಳು ಆಗಬಹುದು, ಹೊಟ್ಟೆಯ ಮೇಲೆ ಮಲಗಿ ತಲೆ ಮುಂದಾಗಿ ಜಾರುವುದು ಬೇಡ.

ಬಿಲ್ಲೆಗೆ ಏಟು ಬಿದ್ದರೆ ಅದು ಒಳಗೆ ಮಗುಚಬಹುದು ಅಥವಾ ಕೊಳವೆ ಕಳಚಬಹುದು. ಇದು ಜೀವಕ್ಕೆ ಅಪಾಯವಲ್ಲ. ನೋವು ಒಂದೆರಡು ದಿನದಲ್ಲಿ ಹೋಗಿಬಿಡಬಹುದು. ನಂಬಬಹುದಾದ ಲಕ್ಷಣ ಬೇರೆ: ಕೆಲವು ದಿನಗಳಲ್ಲಿ ಹಸಿವು ಹಠಾತ್ತನೆ ಹಿಂದಿರುಗುತ್ತದೆ, ಮೊದಲು ಅರ್ಧ ಇಡ್ಲಿಗೆ ಸಾಕೆನ್ನುತ್ತಿದ್ದವರು ಎರಡು ಇಡ್ಲಿ ಸಲೀಸಾಗಿ ಉಣ್ಣುತ್ತಾರೆ. ಪಟ್ಟಿಯ ದ್ರಾವಣ ಸೋರಿಹೋಗಿ ಅದು ಸಡಿಲವಾಗಿದೆಯೆಂದು ಅರ್ಥ. ಆಗ ಶಸ್ತ್ರವೈದ್ಯರನ್ನು ಕಾಣಬೇಕು.

ಯಾರು, ಎಂದು ಏರಬಾರದು?

ಶಸ್ತ್ರಚಿಕಿತ್ಸೆಯಾದ ಮೊದಲ ಆರು ವಾರಗಳು ಪಟ್ಟಿ ಕಚ್ಚಿಕೊಳ್ಳುವ ಕಾಲ. ಮೊದಲ ಬಾರಿಗೆ ದ್ರಾವಣ ತುಂಬುವುದೂ ಸಾಮಾನ್ಯವಾಗಿ ಆ ಹೊತ್ತಿಗೆ. ಆ ಅವಧಿಯಲ್ಲಿ ಯಾವ ಆಟವೂ ಸಲ್ಲದು. ಎರಡು ತಿಂಗಳು ಕಳೆದ ಮೇಲೆ ಶಸ್ತ್ರವೈದ್ಯರ ಒಪ್ಪಿಗೆ ಪಡೆದು ನಿಧಾನದ ತೊಟ್ಟಿಲಿನಿಂದ ಆರಂಭಿಸುವುದು ಯುಕ್ತ. ದ್ರಾವಣ ತುಂಬಿಸಿಕೊಂಡ ವಾರದಲ್ಲಿಯೂ ಬೇಡ. ಹೊಸ ಬಿಗುವು ಹೇಗೆ ಕೂರುತ್ತದೆಂಬುದು ಅರಿವಾಗಲು ಕೆಲವು ದಿನ ಹಿಡಿಯುತ್ತದೆ. ಜಾತ್ರೆಗೆ ಹೊರಡುವ ಮುನ್ನಾದಿನ ಬಿಗಿ ಮಾಡಿಸಿಕೊಂಡು ಬರುವುದಂತೂ ಅವಿವೇಕ.

ತೂಕ ಇಳಿದಂತೆ ರಕ್ತದೊತ್ತಡವೂ ಸಕ್ಕರೆಯೂ ಇಳಿಯುತ್ತವೆ. ಔಷಧದ ಪ್ರಮಾಣ ಮಾತ್ರ ಹಳೆಯದೇ ಮುಂದುವರಿದಿರುತ್ತದೆ. ಅಂತಹವರು ಬಿಸಿಲಿನಲ್ಲಿ ಸಾಲು ನಿಂತು, ಆಟದಿಂದಿಳಿದು ಥಟ್ಟನೆ ಎದ್ದಾಗ ಕಣ್ಣು ಕತ್ತಲೆಗಟ್ಟಿ ಬೀಳುತ್ತಾರೆ. ದೋಷ ಆಟದ್ದಲ್ಲ, ಮಾತ್ರೆಯದು. ಪ್ರವಾಸಕ್ಕೆ ಮುನ್ನ ಒಮ್ಮೆ ಒತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸಿ ಪ್ರಮಾಣವನ್ನು ಸರಿಪಡಿಸಿಕೊಳ್ಳಬೇಕು. ಹೃದ್ರೋಗ, ಹತೋಟಿಗೆ ಬಾರದ ರಕ್ತದೊತ್ತಡ, ಬೆನ್ನುಮೂಳೆಯ ತೊಂದರೆಯುಳ್ಳವರಿಗೆ ಪಟ್ಟಿಯಿರಲಿ ಇಲ್ಲದಿರಲಿ ಈ ಆಟಗಳು ನಿಷಿದ್ಧ. ತರುಣಿಯರು ಗಮನಿಸಬೇಕಾದ ವಿಷಯವೊಂದಿದೆ. ಸ್ಥೂಲಕಾಯದಿಂದ ಋತುಚಕ್ರ ತಪ್ಪಿ ವರ್ಷಗಟ್ಟಲೆ ಗರ್ಭ ನಿಲ್ಲದವರಲ್ಲಿ ತೂಕ ಇಳಿಯುತ್ತಲೇ ಫಲವತ್ತತೆ ಮರಳುತ್ತದೆ. ಋತುಸ್ರಾವ ತಡವಾಗುವುದು ಅಭ್ಯಾಸವಾಗಿಹೋಗಿರುವುದರಿಂದ ಗರ್ಭ ನಿಂತುದು ಅವರಿಗೇ ತಿಳಿದಿರುವುದಿಲ್ಲ. ಸಂದೇಹವಿದ್ದರೆ ಮೊದಲು ಪರೀಕ್ಷೆ, ಆಮೇಲೆ ತೊಟ್ಟಿಲು.

ಸ್ಲೀವ್ ಅಥವಾ ಬೈಪಾಸ್ ಮಾಡಿಸಿಕೊಂಡವರಿಗೆ ಜಾರುವ ಪಟ್ಟಿಯೂ ಇಲ್ಲ, ಬಿಲ್ಲೆಯೂ ಇಲ್ಲ. ಗಾಯ ಮಾಗುವ ಕಾಲ, ನೀರು, ಔಷಧದ ಪ್ರಮಾಣ ಇವುಗಳ ಮಾತು ಅವರಿಗೂ ಅನ್ವಯಿಸುತ್ತದೆ.

ವಾಂತಿಯಾಗಿಯೇ ಬಿಟ್ಟರೆ?

ಆ ದಿನದ ಆಟ ಅಲ್ಲಿಗೆ ಮುಗಿಯಿತು. ಒಂದು ಗಂಟೆ ಹೊಟ್ಟೆಗೆ ಏನನ್ನೂ ಕೊಡದೆ, ಬಳಿಕ ಗುಟುಕು ಗುಟುಕಾಗಿ ನೀರು. ಮುಂದಿನ ಒಂದು ದಿನ ದ್ರವಾಹಾರ ಮಾತ್ರ. ವಾಂತಿಯ ಎಳೆತಕ್ಕೆ ಪಟ್ಟಿಯ ಒಳಗಿನ ದಾರಿ ಊದಿಕೊಂಡಿರುತ್ತದೆ. ಹಸಿವಾಯಿತೆಂದು ಅನ್ನ ಉಂಡರೆ ಅದು ನಿಂತು ಮತ್ತೆ ವಾಂತಿಯಾಗುತ್ತದೆ. ಮೈಕೈ ನೋವಿಗೆಂದು ಐಬುಪ್ರೊಫೇನ್, ಡೈಕ್ಲೊಫೆನಾಕ್ ಬಗೆಯ ಮಾತ್ರೆಗಳನ್ನು ಪಟ್ಟಿಯುಳ್ಳವರು ನುಂಗಬಾರದು. ಅವು ಜಠರದ ಗೋಡೆಯನ್ನು ಸವೆಸುತ್ತವೆ.

ಗುಟುಕು ನೀರೂ ನಿಲ್ಲದಿದ್ದರೆ, ಸ್ವಂತ ಜೊಲ್ಲನ್ನೂ ನುಂಗಲಾಗದಿದ್ದರೆ ಮರುದಿನಕ್ಕೆ ಕಾಯಬಾರದು. ಹೊಟ್ಟೆಯ ಮೇಲ್ಭಾಗದಲ್ಲಿ ಬಿಡದೆ ಕಾಡುವ ತೀವ್ರ ನೋವು, ಜ್ವರ, ವಾಂತಿಯಲ್ಲಿ ರಕ್ತ ಕಂಡರೆ ತಕ್ಷಣವೇ ಹೊರಡಬೇಕು. ಇಲ್ಲಿ ದೂರದ ಲೆಕ್ಕ ಬರುತ್ತದೆ. ಮಂಗಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿಗೆ ಬಂಟ್ವಾಳದಿಂದ ಸುಮಾರು 25 ಕಿಲೋಮೀಟರ್, ಮೂಡುಬಿದಿರೆಯಿಂದ ಸುಮಾರು 35, ಬೆಳ್ತಂಗಡಿಯಿಂದ ಸುಮಾರು 60. ಜಾತ್ರೆಯ ರಾತ್ರಿ ವಾಹನಗಳ ದಟ್ಟಣೆಯಲ್ಲಿ ಇದು ಇನ್ನೂ ದೂರವೆನಿಸುತ್ತದೆ. ಬೆಳ್ತಂಗಡಿ ಕಡೆ ಇರುವವರು ಬೆಳಗಾಗಲೆಂದು ಕಾಯದೆ ಸಂಜೆಯೇ 108ಕ್ಕೆ ಕರೆಮಾಡುವುದು ಜಾಣತನ. ಪಟ್ಟಿ ಜಾರಿದ ಸಂದೇಹವಿದ್ದಾಗ ಮೊದಲು ಮಾಡುವ ಚಿಕಿತ್ಸೆ ಸರಳ: ಬಿಲ್ಲೆಯ ಮೂಲಕ ಪಟ್ಟಿಯ ದ್ರಾವಣವನ್ನೆಲ್ಲ ಹೊರತೆಗೆಯುವುದು. ಎಷ್ಟೋ ವೇಳೆ ಅಷ್ಟರಿಂದಲೇ ದಾರಿ ತೆರೆದು ರೋಗಿ ನೀರು ಕುಡಿಯತೊಡಗುತ್ತಾನೆ. ಇದಕ್ಕೆ ಹ್ಯೂಬರ್ ಸೂಜಿ ಬೇಕು. ಸಾಮಾನ್ಯ ಸೂಜಿ ಬಿಲ್ಲೆಯ ಪೊರೆಯನ್ನು ಕೆಡಿಸಬಹುದು. ಕ್ಯಾನ್ಸರ್ ರೋಗಿಗಳ ಎದೆಯಲ್ಲಿ ಅಳವಡಿಸುವ ಪೋರ್ಟುಗಳಿಗೂ ಇದೇ ಬಗೆಯ ಸೂಜಿ ಬಳಸುವುದರಿಂದ ದೊಡ್ಡ ಆಸ್ಪತ್ರೆಗಳಲ್ಲಿ ಇದು ದೊರೆಯುತ್ತದೆ. ಎಕ್ಸ್‌ರೇಯಲ್ಲಿ ಪಟ್ಟಿಯ ಓರೆ ಬದಲಾಗಿದೆಯೇ ಎಂಬುದೂ ತಿಳಿಯುತ್ತದೆ.

ಹಲವು ದಿನ ವಾಂತಿ ಮಾಡಿ ಬಳಲಿದವರನ್ನು ಊರಿನ ಚಿಕಿತ್ಸಾಲಯಕ್ಕೆ ಕರೆದೊಯ್ದರೆ ಸಾಮಾನ್ಯವಾಗಿ ಗ್ಲೂಕೋಸ್ ಹಾಕುತ್ತಾರೆ. ಇಂತಹವರ ದೇಹದಲ್ಲಿ ಥಯಾಮಿನ್ ಎಂಬ ಬಿ1 ಜೀವಸತ್ವ ಬರಿದಾಗಿರುವ ಸಂಭವವಿದೆ. ಅದನ್ನು ಕೊಡದೆ ಗ್ಲೂಕೋಸ್ ಹರಿಸಿದರೆ ಮಿದುಳಿಗೆ ಹಾನಿಯಾಗಬಹುದು. ದೃಷ್ಟಿ ಮಸುಕಾಗಿ, ನಡಿಗೆ ತಪ್ಪಿ, ನೆನಪು ಕೆಡಬಹುದು. ಇವರಿಗೆ ತೂಕ ಇಳಿಸುವ ಶಸ್ತ್ರಚಿಕಿತ್ಸೆಯಾಗಿದೆ, ಮೊದಲು ಥಯಾಮಿನ್ ಕೊಡಬೇಕೇ ನೋಡಿ ಎಂದು ಜೊತೆಗಿರುವವರು ವಿನಯದಿಂದ ನೆನಪಿಸಿದರೆ ಯಾವ ವೈದ್ಯರೂ ತಪ್ಪು ತಿಳಿಯರು.

ಇದನ್ನೆಲ್ಲ ಆ ಹೊತ್ತಿನಲ್ಲಿ ರೋಗಿಯೇ ಹೇಳುವ ಸ್ಥಿತಿಯಲ್ಲಿರುವುದಿಲ್ಲ. ಪಟ್ಟಿ ಧರಿಸಿದವರು ಒಂದು ಚೀಟಿಯನ್ನು ಸದಾ ಕಿಸೆಯಲ್ಲಿಟ್ಟುಕೊಳ್ಳಬೇಕು. ಅದರ ಚಿತ್ರವನ್ನು ಮನೆಯವರ ಮೊಬೈಲಿನಲ್ಲಿಯೂ ಇಡಬೇಕು. ಶಸ್ತ್ರಚಿಕಿತ್ಸೆಯಾದ ದಿನಾಂಕ, ಆಸ್ಪತ್ರೆ, ಪಟ್ಟಿಯ ಹೆಸರು ಮತ್ತು ಅಳತೆ, ಈಗ ಅದರಲ್ಲಿ ಎಷ್ಟು ಮಿಲಿಲೀಟರ್ ದ್ರಾವಣವಿದೆ, ಬಿಲ್ಲೆ ಹೊಟ್ಟೆಯ ಯಾವ ಭಾಗದಲ್ಲಿದೆ, ಶಸ್ತ್ರವೈದ್ಯರ ದೂರವಾಣಿ, ನಿತ್ಯ ಸೇವಿಸುವ ಔಷಧಗಳು. ಕೊಲ್ಲಿ ರಾಷ್ಟ್ರದಲ್ಲಿ ಚಿಕಿತ್ಸೆ ಪಡೆದವರು ಅರಬ್ಬಿಯಲ್ಲಿರುವ ದಾಖಲೆಯನ್ನೇ ತಂದಿರುತ್ತಾರೆ. ಅದರ ಸಾರಾಂಶವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಸಿಟ್ಟುಕೊಳ್ಳುವುದು ಅಗತ್ಯ.